ಕರೆಂಟ್ ಹೋದ ಸುದ್ದಿ

ನಮ್ಮ ಮನೆ ಶಿರಸಿಯಿಂದ ಒಳಗೆ, ತೋಟದ ಅಂಚಿನಲ್ಲಿದೆ. ಮಳೆಗಾಲದಲ್ಲಿ ಎಲ್ಲೋ ಒಂದು ಕೊಂಬೆ ಲೈನ್ ಮೇಲೆ ಬಿದ್ದರೆ ಸಾಕು, ಊರಿಗೆ ಊರೇ ಕತ್ತಲು. ಲೈನ್‌ಮನ್‌ಗಳು ಆ ಮಳೆಯಲ್ಲೇ ಕಂಬ ಹತ್ತಿ ಸರಿ ಮಾಡುತ್ತಾರೆ. ಇದು ನಮಗೆ ರೂಢಿ.

ಜುಲೈ ತಿಂಗಳ ಒಂದು ಶನಿವಾರ ಬೆಳಿಗ್ಗೆ ಮೇಲಿನ ಕೋಣೆಯಿಂದ ಬೀಪ್ ಬೀಪ್ ಅಂತ ಸದ್ದು ಕೇಳಿತು. ಓಡಿ ಹೋಗಿ ನೋಡಿದರೆ ನ್ಯಾಸ್‌ನಲ್ಲಿ ಹಸಿರು ದೀಪ ಇರಬೇಕಾದ ಕಡೆ ಕಿತ್ತಳೆ ದೀಪ ಮಿನುಗುತ್ತಿತ್ತು.

ನ್ಯಾಸ್ ಅಂದರೆ ಮನೆಯ ರೂಟರ್‌ಗೆ ಜೋಡಿಸಿಟ್ಟ ಡಿಸ್ಕ್‌ಗಳ ಪೆಟ್ಟಿಗೆ. ನಮ್ಮದರಲ್ಲಿ 4 ಟಿಬಿಯ ಎರಡು ಡಿಸ್ಕ್ ಇವೆ. ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲೂ ಇರುತ್ತದೆ. ಮನೆಯವರ ಫೋಟೋಗಳೆಲ್ಲ ಅದರಲ್ಲೇ. ಆದರೆ ನನಗೆ ಎಲ್ಲಕ್ಕಿಂತ ಮುಖ್ಯ ಅದರಲ್ಲಿರುವ ಅಪ್ಪನ ದನಿ. ಅಪ್ಪ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು. ಸುತ್ತಲಿನ ನಾಲ್ಕಾರು ಊರಿನ ಅಂಗಳಗಳಲ್ಲಿ, ದೇವಸ್ಥಾನಗಳಲ್ಲಿ ರಾತ್ರಿಯಿಡೀ ಕೂತು ಹೇಳಿದ ಅರ್ಥ. ಅವರು ಕರ್ಣನ ಪಾತ್ರಕ್ಕೆ ಕೂತರೆ ಕವಳ ಹಾಕುವವರೂ ಬಾಯಿ ಆಡಿಸುವುದನ್ನು ನಿಲ್ಲಿಸುತ್ತಿದ್ದರು. ಅವರು ಹೋಗಿ ಆರು ವರ್ಷವಾಯಿತು. ಉಳಿದದ್ದು ಒಂದು ಟ್ರಂಕಿನ ತುಂಬ ಕ್ಯಾಸೆಟ್.

ಅದರಲ್ಲಿ 40 ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿದ್ದೆ. ನಿಮಿಷಕ್ಕೆ ಸುಮಾರು 10 ಎಂಬಿ ಲೆಕ್ಕದಲ್ಲಿ 90 ನಿಮಿಷದ ಒಂದು ಕ್ಯಾಸೆಟ್ ಹತ್ತಿರ ಹತ್ತಿರ 1 ಜಿಬಿ ಆಗುತ್ತದೆ. ಒಂದು ಪ್ರತಿ ಬೆಂಗಳೂರಿನಲ್ಲಿ ತಮ್ಮನ ಮನೆಯಲ್ಲಿದೆ, ಯುಗಾದಿಗೆ ಬಂದಾಗ ಕೊಟ್ಟಿದ್ದೆ. ಆಮೇಲೆ ಇಳಿಸಿದ 11 ಕ್ಯಾಸೆಟ್ ಇಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಅದರಲ್ಲಿ ಎರಡಕ್ಕೆ ಬೂಸು ಹಿಡಿದಿತ್ತು. ಒಮ್ಮೆ ಓಡಿದ್ದೇ ಪುಣ್ಯ. ಇನ್ನೊಮ್ಮೆ ಓಡುವ ಟೇಪು ಅವಲ್ಲ.

ಲ್ಯಾಪ್‌ಟಾಪ್ ತೆಗೆದು ನ್ಯಾಸ್ ಒಳಗೆ ಹೋದೆ. ರಾತ್ರಿ ಸರಿಯಾಗಿ ಆಫ್ ಆಗಿಲ್ಲ, ಈಗ ಡಿಸ್ಕ್‌ಗಳನ್ನು ಪರೀಕ್ಷೆ ಮಾಡುತ್ತಿದ್ದೇನೆ ಅಂತ ತೋರಿಸಿತು. 3 ಪರ್ಸೆಂಟ್ ಆಗಿತ್ತು. ಕೈ ತಣ್ಣಗಾಯಿತು.

"ಎಂತ ಆತೋ ತಮಾ?" ಅಂತ ಆಯಿ ಮೆಟ್ಟಿಲ ಬುಡದಿಂದಲೇ ಕೇಳಿದಳು. ಅಪ್ಪನ ಕ್ಯಾಸೆಟ್ ವಿಷಯ ಅಂತ ಹೇಳಲು ಬಾಯಿ ಬರಲಿಲ್ಲ. ಕರೆಂಟಿನದು ಏನೋ ತೊಂದರೆ, ನೋಡ್ತಿದ್ದೇನೆ ಅಂದೆ.

ಕರೆಂಟ್ ಹೋದಾಗ ಬ್ಯಾಟರಿಯಿಂದ ನಡೆಸುವ ಯುಪಿಎಸ್ ಇರಲಿಲ್ಲವಾ ಅಂದರೆ, ಇತ್ತು. 600 ವಿಎದು, ನಾಲ್ಕು ವರ್ಷದ ಹಿಂದೆ ತಂದದ್ದು. ನ್ಯಾಸ್ ಅದಕ್ಕೇ ಜೋಡಿಸಿತ್ತು. ನಾನು ಅಷ್ಟಕ್ಕೇ ನೆಮ್ಮದಿಯಿಂದ ಇದ್ದೆ. ಆದರೆ ಯುಪಿಎಸ್ ಕೊಡುವುದು ಸ್ವಲ್ಪ ಹೊತ್ತಿನ ಸಮಯ ಮಾತ್ರ. ಆ ಸಮಯದಲ್ಲಿ ನ್ಯಾಸ್ ಬರೆಯುತ್ತಿದ್ದುದನ್ನು ಮುಗಿಸಿ, ಡಿಸ್ಕ್ ಬಿಡಿಸಿ, ತಾನೇ ಆಫ್ ಆಗಬೇಕು. ಹಾಗೆ ಆಗಬೇಕಾದರೆ ಕರೆಂಟ್ ಹೋಗಿದೆ ಅನ್ನುವ ಸುದ್ದಿ ಅದಕ್ಕೆ ಮುಟ್ಟಬೇಕಲ್ವಾ? ಪವರ್ ಕೇಬಲ್‌ನಲ್ಲಿ ಸುದ್ದಿ ಹೋಗುವುದಿಲ್ಲ. ಅದಕ್ಕೆಂದೇ ಯುಪಿಎಸ್ ಹಿಂದೆ ಚೌಕದ ಯುಎಸ್‌ಬಿ ತೂತು ಇರುತ್ತದೆ, ಪ್ರಿಂಟರ್‌ಗೆ ಇರುತ್ತದಲ್ಲ, ಅಂಥದ್ದು. ಅದರ ಕೇಬಲ್ ಕಪಾಟಿನಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಬಿದ್ದಿತ್ತು.

ಕವರ್ ಹರಿದು ಜೋಡಿಸಿದೆ. ನ್ಯಾಸ್‌ನಲ್ಲಿ ಯುಪಿಎಸ್ ಪುಟ ತೆರೆದೆ. ಯಾವ ಸಾಧನವೂ ಇಲ್ಲ ಅಂತ ಬಂತು. ಹಿಂದಿನ ಪೋರ್ಟ್ ಬಿಟ್ಟು ಮುಂದಿನದಕ್ಕೆ ಹಾಕಿದೆ, ಇಲ್ಲ. ಹಳೇ ಪ್ರಿಂಟರ್‌ನ ಕೇಬಲ್ ತಂದು ಹಾಕಿದೆ, ಆಗಲೂ ಇಲ್ಲ. ಕೊನೆಗೆ ಅದೇ ಕೇಬಲ್ಲನ್ನು ಲ್ಯಾಪ್‌ಟಾಪಿಗೆ ಚುಚ್ಚಿದೆ. ಅದರಲ್ಲಿ ಲಿನಕ್ಸ್ ಇದೆ. ಯುಎಸ್‌ಬಿಗೆ ಜೋಡಿಸಿದ್ದನ್ನೆಲ್ಲ ಪಟ್ಟಿ ಮಾಡುವ 'ಎಲ್‌ಎಸ್‌ಯುಎಸ್‌ಬಿ' ಅಂತ ಹೊಡೆದಾಗ ಹೊಸದೊಂದು ಸಾಲು ಬಂತು, ಅದರಲ್ಲಿ ಸಾಧನದ ಗುರುತಿನ ಅಂಕಿ. 0665:5161. ಅಂದರೆ ಕೇಬಲ್ ಸರಿ ಇದೆ, ಯುಪಿಎಸ್ ಮಾತಾಡುತ್ತಿದೆ. ನ್ಯಾಸ್‌ಗೆ ಅದರ ಮಾತು ತಿಳಿಯುತ್ತಿಲ್ಲ, ಅಷ್ಟೆ.

ಆ ಅಂಕಿ ಹಿಡಿದು ಹುಡುಕಿದಾಗ ವಿಷಯ ಬಿಡಿಸಿಕೊಂಡಿತು. ನ್ಯಾಸ್ ಕಾಯುವುದು ಎಚ್‌ಐಡಿ ಅನ್ನುವ ಯುಎಸ್‌ಬಿ ಭಾಷೆಗೆ. ಕಡಿಮೆ ಬೆಲೆಯ ಎಷ್ಟೋ ಯುಪಿಎಸ್‌ಗಳ ಒಳಗೆ ಹಳೆಯ ಸೀರಿಯಲ್ ಭಾಷೆಯೇ ಇದೆ, ಹೊರಗೆ ಮಾತ್ರ ಯುಎಸ್‌ಬಿ. 'ಕ್ಯೂ1' ಅಂತ ಕೇಳಿದರೆ ಒಳಬರುವ ವೋಲ್ಟೇಜ್, ಲೋಡ್, ಬ್ಯಾಟರಿ ವೋಲ್ಟೇಜ್ ಎಲ್ಲವನ್ನೂ ಒಂದೇ ಸಾಲಿನಲ್ಲಿ ಹೇಳುತ್ತದೆ. ಹಾಗೆ ಕೇಳುವವರು ಬೇಕು.

ಕೇಳುವವರು ಮನೆಯಲ್ಲೇ ಇದ್ದರು. ಮಗಳ ಶಾಲೆಯ ಪ್ರಾಜೆಕ್ಟಿಗೆ ತಂದ ರಾಸ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಸುಮ್ನೆ ಕೂತಿತ್ತು. ಯುಪಿಎಸ್‌ನ ಕೇಬಲ್ಲನ್ನು ಅದಕ್ಕೆ ಚುಚ್ಚಿ, ನಟ್ ಹಾಕಿದೆ. ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಅನ್ನುವುದರ ಗಿಡ್ಡ ಹೆಸರು ಅದು. ಎಷ್ಟೋ ಜನ ಸೇರಿ 25 ವರ್ಷಕ್ಕೂ ಹೆಚ್ಚು ಕಾಲದಿಂದ ಬಿಟ್ಟಿಯಾಗಿ ಬರೆದು ಕೊಡುತ್ತಿರುವ ಸಾಫ್ಟ್‌ವೇರ್. ನೂರಾರು ಯುಪಿಎಸ್‌ಗಳ ಮಾತು ಅದಕ್ಕೆ ಬರುತ್ತದೆ. ಅವರಿಗೆ ಆ ದಿನ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಅದು ಒಂದೇ ಏಟಿಗೆ ಆಗಲಿಲ್ಲ. ಮೊದಲು ಯುಪಿಎಸ್ ಜೊತೆ ಮಾತಾಡುವ ನಟ್‌ನ ಡ್ರೈವರ್‌ಗೆ ಯುಎಸ್‌ಬಿ ಮುಟ್ಟಲು ಅನುಮತಿ ಇಲ್ಲ ಅಂತ ಬಂತು. ಕೇಬಲ್ ಕಿತ್ತು ಮತ್ತೆ ಹಾಕಿದ ಮೇಲೆ ಅದು ಹೋಯಿತು. ಆಮೇಲೆ ಪೈಯಲ್ಲಿ ಎಲ್ಲ ಅಂಕಿ ಕಾಣುತ್ತಿದೆ, ನ್ಯಾಸ್‌ಗೆ ಮಾತ್ರ ಏನೂ ಕಾಣುತ್ತಿಲ್ಲ. ನಟ್ ತಾನಾಗಿ ಕಿವಿಗೊಡುವುದು ಆ ಯಂತ್ರದ ಒಳಗಿನ ಮಾತಿಗೆ ಮಾತ್ರ. ಮನೆಯ ಬೇರೆ ಯಂತ್ರಗಳಿಗೂ 3493ನೇ ನೆಟ್‌ವರ್ಕ್ ಪೋರ್ಟ್‌ನಲ್ಲಿ ಉತ್ತರ ಕೊಡು ಅಂತ ನಾವೇ ಬರೆಯಬೇಕು. ಅದನ್ನು ಬರೆದೆ. ಆದರೂ ಇಲ್ಲ! ಒಂದು ಗಂಟೆ ಒದ್ದಾಡಿದ ಮೇಲೆ ತಿಳಿಯಿತು. ಯುಪಿಎಸ್‌ಗೆ ನಾನು 'ಮಾಳಿಗೆ' ಅಂತ ಹೆಸರಿಟ್ಟಿದ್ದೆ. ನನ್ನ ನ್ಯಾಸ್ ಹುಡುಕುವುದು 'ಯುಪಿಎಸ್' ಅನ್ನುವ ಹೆಸರನ್ನೇ, ಬೇರೆ ಇಟ್ಟರೆ ಆಗುವುದಿಲ್ಲ. ಹೆಸರು ಬದಲಿಸಿದ ತಕ್ಷಣ ನ್ಯಾಸ್‌ನ ಪುಟದಲ್ಲಿ ಅಕ್ಷರ ಮೂಡಿತು. ಯುಪಿಎಸ್ ಸಿಕ್ಕಿದೆ. ಬರುತ್ತಿರುವ ವೋಲ್ಟೇಜ್ 214.

ಅಷ್ಟರಲ್ಲಿ ಸಂಜೆ ಆರೂವರೆ. ಡಿಸ್ಕ್ ಪರೀಕ್ಷೆಯೂ ಮುಗಿದಿತ್ತು, ಹಸಿರು ದೀಪ ಬಂದಿತ್ತು. 11 ಫೋಲ್ಡರ್‌ಗಳನ್ನೂ ಒಂದೊಂದಾಗಿ ತೆರೆದು, ಅಲ್ಲಲ್ಲಿ ಕೇಳಿ ನೋಡಿದೆ. ಎಲ್ಲ ಇದ್ದವು. ಮೊದಲು ಅವನ್ನು ಬೇರೆ ಡಿಸ್ಕ್‌ಗೆ ಹಾಕಿಕೊಂಡೆ. ಆಮೇಲೇ ಆಯಿಗೆ ಹೇಳಿದ್ದು.

ಭಾನುವಾರ ಗೋಡೆಯ ಪ್ಲಗ್ ಕಿತ್ತು ನೋಡಿದೆ. ಪೈಯಲ್ಲಿ 'ಓಎಲ್' ಇದ್ದದ್ದು 'ಓಬಿ' ಆಯಿತು. ಲೈನ್ ಬಿಟ್ಟು ಬ್ಯಾಟರಿಗೆ ಬಂದಿದೆ ಅಂತ ಅರ್ಥ. ಐದು ನಿಮಿಷ ಕಾದು ಆಫ್ ಆಗು ಅಂತ ನ್ಯಾಸ್‌ಗೆ ಹೇಳಿಟ್ಟಿದ್ದೆ. ಆದರೆ ಬ್ಯಾಟರಿಯ ವೋಲ್ಟೇಜ್ 13.5ರಿಂದ ಧಡಧಡ ಇಳಿದು ಎರಡೇ ನಿಮಿಷಕ್ಕೆ 11ರ ಹತ್ತಿರ ಬಂತು. ಗಾಬರಿಯಿಂದ ಪ್ಲಗ್ ಹಾಕಿದೆ. ಎಲ್ಲ ಆಫ್ ಮಾಡಿ ಯುಪಿಎಸ್ ಬಿಚ್ಚಿದರೆ ಬ್ಯಾಟರಿಯ ಹೊಟ್ಟೆ ಉಬ್ಬಿ, ಪೆಟ್ಟಿಗೆಯ ಗೋಡೆಗೆ ಕಚ್ಚಿಕೊಂಡಿತ್ತು. ಸೋಮವಾರ ಶಿರಸಿಗೆ ಹೋಗಿ 12 ವೋಲ್ಟ್, 7 ಎಎಚ್‌ನ ಹೊಸದು ತಂದು ಹಾಕಿದೆ.

ಇನ್ನೊಂದು ಸಂಗತಿ ಇನ್ವರ್ಟರ್ ಇರುವ ಮನೆಯವರಿಗೆಲ್ಲ ಬೇಕಾದದ್ದು. ನಮ್ಮದು ಹಳೇ ಸ್ಕ್ವೇರ್ ವೇವ್ ಇನ್ವರ್ಟರ್, ಲೈನಿನ ಕರೆಂಟಿನಂತೆ ನಯವಾದ ಅಲೆ ಕೊಡುವುದಲ್ಲ. ಅದರ ಕರೆಂಟ್ ಕೊಟ್ಟರೆ ನಮ್ಮ ಯುಪಿಎಸ್ ಅದನ್ನು ಕರೆಂಟ್ ಅಂತಲೇ ಒಪ್ಪುವುದಿಲ್ಲ. ಮನೆಯಲ್ಲೆಲ್ಲ ದೀಪ ಉರಿಯುತ್ತಿದ್ದರೂ ಇದು ತನ್ನ ಬ್ಯಾಟರಿ ಖಾಲಿ ಮಾಡುತ್ತ ಕೂಗುತ್ತದೆ. ಅದಕ್ಕೇ ಯುಪಿಎಸ್‌ಗೆ ಮೊದಲಿನಿಂದಲೂ ನೇರ ಲೈನ್. ಆದರೆ ರೂಟರ್ ಇನ್ವರ್ಟರ್ ಲೈನಿನಲ್ಲಿತ್ತು. ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯುವ ಆ ಕ್ಷಣದಲ್ಲಿ ರೂಟರ್ ಒಮ್ಮೆ ಸತ್ತು ಏಳುತ್ತದೆ. ಪೈಯಿಂದ ನ್ಯಾಸ್‌ಗೆ ಸುದ್ದಿ ಹೋಗುವುದು ಅದೇ ರೂಟರ್ ಮೂಲಕ! ಸುದ್ದಿ ಹೋಗಬೇಕಾದ ಹೊತ್ತಿಗೇ ದಾರಿ ಕಡಿದುಹೋಗುತ್ತದೆ. ರೂಟರ್, ಪೈ, ನ್ಯಾಸ್ ಮೂರನ್ನೂ ಅದೇ ಯುಪಿಎಸ್‌ಗೆ ತಂದೆ. ಮೂರೂ ಸೇರಿದರೂ ಅದಕ್ಕೆ ಭಾರ ಜಾಸ್ತಿ ಏನಲ್ಲ.

ಗುರುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ದೊಡ್ಡ ಗಾಳಿ ಬಂತು, ಕರೆಂಟ್ ಹೋಯಿತು. ಕೈ ತೊಳೆದು ಮೇಲೆ ಹೋದೆ. ಯುಪಿಎಸ್ ಬೀಪ್ ಅನ್ನುತ್ತಿತ್ತು. ಐದು ನಿಮಿಷಕ್ಕೆ ನ್ಯಾಸ್‌ನ ದೀಪ ಮಿನುಗತೊಡಗಿತು. ಒಳಗೆ ಡಿಸ್ಕ್‌ನ ಸದ್ದು ನಿಧಾನವಾಗಿ ಇಳಿಯಿತು. ಒಂದು ಸಣ್ಣ ಟಿಕ್. ಆಮೇಲೆ ಹೊರಗಿನ ಮಳೆಯ ಸದ್ದು ಮಾತ್ರ.

ರಾತ್ರಿ ಎಂಟಕ್ಕೆ ಕರೆಂಟ್ ಬಂತು. ನ್ಯಾಸ್ ಬೀಪ್ ಇಲ್ಲದೆ ಎದ್ದಿತು. 41ನೇ ಕ್ಯಾಸೆಟ್‌ನ ಬಿ ಸೈಡ್ ಬಾಕಿ ಇತ್ತು. ಆಯಿ ಕುರ್ಚಿ ಎಳೆದುಕೊಂಡು ಕೂತಳು. ಡೆಕ್‌ಗೆ ಹಾಕಿ ಒತ್ತಿದೆ.