ಜಾಲತಾಣದ ಹೆಸರು ಮತ್ತು ವಿನ್ಯಾಸ ಯಾರ ಹೆಸರಿನಲ್ಲಿವೆ?

ಸಣ್ಣ ಪ್ರಕಾಶನ ಸಂಸ್ಥೆಗಳಿಗೆ, ಮಲೆನಾಡಿನ ಹೋಂಸ್ಟೇಗಳಿಗೆ, ಕೈಮಗ್ಗದ ಅಂಗಡಿಗಳಿಗೆ ಜಾಲತಾಣ ಮಾಡಿಕೊಡುವ ಕೆಲಸ ನನ್ನದು. ಡೊಮೇನ್ ಹೆಸರು, ಅಂದರೆ ಜಾಲತಾಣದ ವಿಳಾಸವಾಗುವ ಹೆಸರು, ಎಲ್ಲಿ ಅಗ್ಗವಾಗಿ ಸಿಗುತ್ತದೆ ಎಂಬುದೇ ಬಹುಪಾಲು ಗ್ರಾಹಕರ ಮೊದಲ ಪ್ರಶ್ನೆ. ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಉತ್ತರಿಸುವ ಮೊದಲು, ಅದು ಯಾರ ಹೆಸರಿನಲ್ಲಿ, ಯಾರ ಇಮೇಲ್ ವಿಳಾಸದಲ್ಲಿ ನೋಂದಣಿಯಾಗಲಿದೆ ಎಂದು ನಾನು ವಿಚಾರಿಸುತ್ತೇನೆ. ಏಕೆಂದರೆ ನಾನು ಕಂಡ ನಷ್ಟಗಳಲ್ಲಿ ಹೆಚ್ಚಿನವು ದುಬಾರಿ ಬೆಲೆಯಿಂದ ಆದವಲ್ಲ, ಒಡೆತನಕ್ಕೆ ದಾಖಲೆ ಇಲ್ಲದ್ದರಿಂದ ಆದವು.

ಮೊದಲು ಬೆಲೆಯ ವಿಚಾರ. ಡಾಟ್ ಕಾಮ್ ಹೆಸರುಗಳ ಮೂಲ ನೋಂದಣಿಯನ್ನು ನಿರ್ವಹಿಸುವುದು ಅಮೆರಿಕದ ವೆರಿಸೈನ್ ಸಂಸ್ಥೆ. ನಮಗೆ ಹೆಸರು ಮಾರುವ ರಿಜಿಸ್ಟ್ರಾರ್ ಯಾರೇ ಆಗಿರಲಿ, ಪ್ರತಿ ಹೆಸರಿಗೂ ವರ್ಷಕ್ಕೊಮ್ಮೆ ವೆರಿಸೈನ್‌ಗೆ ಸಗಟು ದರ ಕಟ್ಟಬೇಕು. 2024ರ ಸೆಪ್ಟೆಂಬರ್‌ನಲ್ಲಿ ಆ ದರ 10.26 ಡಾಲರಿಗೆ ಏರಿತು. ಅದರ ಮೇಲೆ, ಜಗತ್ತಿನ ಡೊಮೇನ್ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಚಿಕ್ಕ ಶುಲ್ಕವೂ ನಮ್ಮ ದೇಶದ ಜಿಎಸ್‌ಟಿಯೂ ಸೇರುತ್ತವೆ. ಹೀಗಿರುವಾಗ ನೂರು ರೂಪಾಯಿಗೆ ಡಾಟ್ ಕಾಮ್ ಕೊಡುತ್ತೇವೆ ಎಂಬ ಜಾಹೀರಾತು ಕಂಡರೆ, ಮೊದಲ ವರ್ಷದ ನಷ್ಟವನ್ನು ಮಾರುವವರು ಎರಡನೆಯ ವರ್ಷದ ನವೀಕರಣದಲ್ಲೋ ಹೋಸ್ಟಿಂಗ್ (ತಾಣದ ಕಡತಗಳನ್ನು ಸರ್ವರಿನಲ್ಲಿ ಇಡುವ ಸೇವೆ) ಮತ್ತು ಇಮೇಲ್ ಸೇವೆಯಲ್ಲೋ ವಸೂಲು ಮಾಡುತ್ತಾರೆ ಎಂದು ತಿಳಿಯಬೇಕು. ಆದ್ದರಿಂದ ನಾನು ಹೋಲಿಸಿ ನೋಡುವುದು ಐದು ವರ್ಷಕ್ಕೆ ತಗಲುವ ಒಟ್ಟು ಹಣವನ್ನು. ಆ ಲೆಕ್ಕದಲ್ಲಿ, ಸಗಟು ದರಕ್ಕೇ ಹೆಸರು ಕೊಡುವ ಕ್ಲೌಡ್‌ಫ್ಲೇರ್‌ನಂತಹ ರಿಜಿಸ್ಟ್ರಾರ್‌ಗಳು ರಿಯಾಯಿತಿ ಘೋಷಿಸುವ ಅನೇಕರಿಗಿಂತ ಅಗ್ಗ. ಡಾಟ್ ಕಾಮ್‌ನ ಜಾಗದಲ್ಲಿ ಬರುವ ಹೊಸ ಕೊನೆಹೆಸರುಗಳಲ್ಲಿ ಮೊದಲ ವರ್ಷದ ಬೆಲೆಗೂ ನವೀಕರಣದ ಬೆಲೆಗೂ ಇರುವ ಅಂತರ ಇನ್ನೂ ದೊಡ್ಡದು. ಭಾರತದೊಳಗಿನ ವ್ಯವಹಾರಕ್ಕೆ, ನಿಕ್ಸಿ ಸಂಸ್ಥೆ ನೋಡಿಕೊಳ್ಳುವ ಡಾಟ್ ಇನ್ ಧಾರಾಳವಾಗಿ ಸಾಕು. ಕನ್ನಡ ಲಿಪಿಯಲ್ಲೇ ‘.ಭಾರತ’ ಎಂದು ಕೊನೆಗೊಳ್ಳುವ ಹೆಸರುಗಳೂ ಇವೆ. ಅವು ಹೆಚ್ಚು ಬಳಕೆಗೆ ಬರಲಿ ಎಂಬುದು ನನ್ನ ಮನಸಾರೆ ಹಾರೈಕೆ.

ಈಗಾಗಲೇ ದುಬಾರಿ ಕಡೆ ಸಿಕ್ಕಿಕೊಂಡಿರುವವರು ಬೇರೆ ರಿಜಿಸ್ಟ್ರಾರ್‌ಗೆ ವರ್ಗಾವಣೆ ಮಾಡಿಕೊಳ್ಳಬಹುದು. ಡಾಟ್ ಕಾಮ್‌ನಂತಹ ಹೆಸರುಗಳಲ್ಲಿ ವರ್ಗಾವಣೆಯ ಶುಲ್ಕದಲ್ಲೇ ಇನ್ನೊಂದು ವರ್ಷದ ಅವಧಿ ಸೇರಿಕೊಳ್ಳುವುದರಿಂದ ಅದು ಬಹುಮಟ್ಟಿಗೆ ನವೀಕರಣದ ಬದಲಿ ಇದ್ದಂತೆ. ಹೊಸದಾಗಿ ನೋಂದಾಯಿಸಿದ ಹೆಸರಿಗೆ ಮೊದಲ 60 ದಿನ ಇದಕ್ಕೆ ಅವಕಾಶವಿರುವುದಿಲ್ಲ. ಅವಧಿ ಮುಗಿಯುವ ವಾರದಲ್ಲಿ ಈ ಕೆಲಸಕ್ಕೆ ಕೈಹಾಕಬಾರದು, ಒಂದು ತಿಂಗಳ ಮುಂಚೆಯೇ ಆರಂಭಿಸಬೇಕು. ಅವಧಿ ಮೀರಿ ರಿಜಿಸ್ಟ್ರಾರ್ ಹೆಸರನ್ನು ಅಳಿಸಿದ ಮೇಲೆ 30 ದಿನಗಳ ಮರುಪಡೆಯುವ ಕಾಲ ಇರುತ್ತದೆಯಾದರೂ, ಆಗ ಕೇಳುವ ದಂಡ ಹಲವು ವರ್ಷಗಳ ನವೀಕರಣಕ್ಕೆ ಸಮನಾಗಿರುವುದುಂಟು. ಬೇರೆಯವರು ಬಿಟ್ಟ ಹಳೆಯ ಹೆಸರನ್ನು ಕೊಳ್ಳುವವರು ಅಲ್ಲಿ ಹಿಂದೆ ಏನಿತ್ತೆಂದು ಜಾಲಪುಟಗಳ ಹಳೆಯ ರೂಪವನ್ನು ಉಳಿಸಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ನೋಡಿಕೊಳ್ಳಲಿ. ಜೂಜಿನ ತಾಣವಾಗಿದ್ದ ಹೆಸರನ್ನು ಯಾವ ಬೆಲೆಗೂ ಕೊಳ್ಳಬೇಡಿ ಎನ್ನುತ್ತೇನೆ.

ಇನ್ನು ಒಡೆತನ. ಜಾಲತಾಣ ಮಾಡಿಕೊಡುವವರೇ ಡೊಮೇನನ್ನೂ ತಮ್ಮ ಖಾತೆಯಲ್ಲಿ ಕೊಂಡು ‘ಉಚಿತ’ ಎಂದು ಕೊಡುವ ರೂಢಿ ನಮ್ಮ ಊರುಗಳಲ್ಲಿ ವ್ಯಾಪಕವಾಗಿದೆ. ಮುಂದೆ ಮನಸ್ತಾಪ ಬಂದರೆ, ಆ ವ್ಯಕ್ತಿ ಊರು ಬಿಟ್ಟರೆ, ಕೇವಲ ಫೋನ್ ನಂಬರ್ ಬದಲಾದರೂ ಸಾಕು, ಹತ್ತು ವರ್ಷ ರಸೀದಿ ಪುಸ್ತಕದಲ್ಲಿ, ಅಂಗಡಿಯ ಬೋರ್ಡಿನ ಮೇಲೆ ಅಚ್ಚಾದ ಹೆಸರು ಕೈತಪ್ಪುತ್ತದೆ. ನನ್ನ ದೃಷ್ಟಿಯಲ್ಲಿ ಇದು ಸಣ್ಣ ವ್ಯಾಪಾರಿಗಳಿಗೆ ಆಗುತ್ತಿರುವ ದೊಡ್ಡ ಅನ್ಯಾಯ. ಖಾತೆ ನಿಮ್ಮದಿರಲಿ, ಎರಡು ಹಂತದ ಲಾಗಿನ್ ಇರಲಿ, ಹೆಸರು ಬೇರೆ ರಿಜಿಸ್ಟ್ರಾರ್‌ಗೆ ಹೋಗದಂತೆ ತಡೆಯುವ ವರ್ಗಾವಣೆಯ ಬೀಗ ಹಾಕಿರಲಿ, ಇನ್‌ವಾಯ್ಸ್ ನಿಮ್ಮ ಹೆಸರಿನಲ್ಲಿರಲಿ.

ಹೆಸರನ್ನು ಹೋಲುವ ಹೆಸರುಗಳ ಕಾಟ ಕನ್ನಡದವರಿಗೆ ಸ್ವಲ್ಪ ಹೆಚ್ಚೇ. ದೀರ್ಘಾಕ್ಷರಕ್ಕೆ ಇಂಗ್ಲಿಷಿನ ‘ಎ’ ಒಂದೋ ಎರಡೋ ಎಂಬುದರಲ್ಲಿ ಒಮ್ಮತವಿಲ್ಲದ ಕಾರಣ ಒಂದೇ ಅಂಗಡಿಯ ಹೆಸರನ್ನು ಮೂರು ರೀತಿಯಲ್ಲಿ ಬರೆಯಬಹುದು. ಈ ವಿಷಯದಲ್ಲಿ ಭಾರತಕ್ಕೆಲ್ಲ ದಾರಿ ತೋರಿದ ಮೊಕದ್ದಮೆ ಬೆಂಗಳೂರಿನಲ್ಲೇ ಶುರುವಾಯಿತು. ‘ಸಿಫಿ’ ಹೆಸರಿನಲ್ಲಿ ವ್ಯವಹರಿಸುತ್ತಿದ್ದ ಸತ್ಯಂ ಇನ್ಫೋವೇ, ಒಂದು ‘ಎಫ್’ ಹೆಚ್ಚಿಸಿ ಹೆಸರಿಟ್ಟುಕೊಂಡಿದ್ದ ಸಿಫಿನೆಟ್ ಸಲ್ಯೂಷನ್ಸ್ ವಿರುದ್ಧ ಇಲ್ಲಿನ ಸಿಟಿ ಸಿವಿಲ್ ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆ ಪಡೆಯಿತು. ಹೈಕೋರ್ಟ್ ಅದನ್ನು ತೆರವುಗೊಳಿಸಿತು. 2004ರಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆಯನ್ನು ಎತ್ತಿಹಿಡಿದು, ಡೊಮೇನ್ ಹೆಸರಿಗೂ ವ್ಯಾಪಾರ ಚಿಹ್ನೆಗೆ ಇರುವಂತಹ ರಕ್ಷಣೆ ಸಲ್ಲುತ್ತದೆ ಎಂದು ಹೇಳಿತು. ಆ ತೀರ್ಪಿನಲ್ಲಿ ತೂಗಿದ್ದು ಯಾರು ಮೊದಲಿನಿಂದ ಆ ಹೆಸರನ್ನು ಬಳಸಿ ಜನರಲ್ಲಿ ಗುರುತು ಪಡೆದಿದ್ದರು ಎಂಬುದು. ಅದನ್ನು ತೋರಿಸುವುದು ಹಳೆಯ ದಾಖಲೆಗಳಿಂದ ಮಾತ್ರ ಸಾಧ್ಯ. ಡಾಟ್ ಇನ್ ಹೆಸರುಗಳ ವ್ಯಾಜ್ಯಕ್ಕಾದರೆ ಐಎನ್‌ಡಿಆರ್‌ಪಿ ಎಂಬ ಮಧ್ಯಸ್ಥಿಕೆಯ ವ್ಯವಸ್ಥೆಯೂ ಇದೆ.

ಹಳೆಯ ದಾಖಲೆಯೇ ಆಧಾರ ಎಂಬ ಮಾತು ವಿನ್ಯಾಸದ ಕಳವಿಗೂ ಅನ್ವಯಿಸುತ್ತದೆ. ಮೌಸಿನ ಬಲಗುಂಡಿ ಒತ್ತದಂತೆ ಮಾಡಿದರೆ ನಕಲು ನಿಲ್ಲುತ್ತದೆ ಎಂಬ ನಂಬಿಕೆಯನ್ನು ದಯವಿಟ್ಟು ಬಿಡಬೇಕು. ಪುಟ ಕಾಣಬೇಕಾದರೆ ಅದರ ಎಚ್‌ಟಿಎಂಎಲ್ (ಪುಟದ ರಚನೆಯ ಕೋಡ್) ಮತ್ತು ಸಿಎಸ್‌ಎಸ್ (ಅಂದಚೆಂದದ ಕೋಡ್) ಓದುಗನ ಬ್ರೌಸರಿಗೆ ತಲುಪಲೇಬೇಕು, ತಲುಪಿದ್ದನ್ನು ಉಳಿಸಿಕೊಳ್ಳಲೂಬಹುದು. ಎಚ್‌ಟಿಟ್ರ್ಯಾಕ್‌ನಂತಹ ತಂತ್ರಾಂಶ ಇಡೀ ತಾಣವನ್ನು ಇಳಿಸಿಕೊಡುತ್ತದೆ. ಬಲಗುಂಡಿ ತಡೆದರೆ ತೊಂದರೆಯಾಗುವುದು ಒಂದು ವಾಕ್ಯವನ್ನು ನಕಲಿಸಿ ಗೆಳೆಯರಿಗೆ ಕಳಿಸಬಯಸುವ ಪ್ರಾಮಾಣಿಕ ಓದುಗರಿಗೆ ಮಾತ್ರ.

ಕದ್ದವರನ್ನು ಹಿಡಿಯುವುದು ಅಷ್ಟು ಕಷ್ಟವಲ್ಲ, ಏಕೆಂದರೆ ಅವಸರದಲ್ಲಿ ಕದಿಯುವವರು ಎಲ್ಲವನ್ನೂ ಎತ್ತಿಕೊಂಡು ಹೋಗುತ್ತಾರೆ. ಸಂದರ್ಶಕರನ್ನು ಎಣಿಸುವ ಅನಲಿಟಿಕ್ಸ್ ತುಣುಕನ್ನು ಅವರು ಅಳಿಸದೆ ಬಿಟ್ಟರೆ, ನಿಮ್ಮ ವರದಿಯಲ್ಲೇ ಅವರ ತಾಣದ ಹೆಸರು ಕಾಣಿಸಿಕೊಳ್ಳುತ್ತದೆ. ಚಿತ್ರಗಳನ್ನು ನಿಮ್ಮ ಸರ್ವರಿನಿಂದಲೇ ಎಳೆಯುತ್ತಿದ್ದರೆ ಸರ್ವರಿನ ಲಾಗ್‌ನಲ್ಲಿ ಅವರ ವಿಳಾಸ ದಾಖಲಾಗಿರುತ್ತದೆ. ನಾನು ಪ್ರತಿ ತಾಣದ ಸಿಎಸ್‌ಎಸ್‌ನಲ್ಲೂ ಯಾವ ಕೆಲಸಕ್ಕೂ ಬಾರದ, ಬೇರೆಲ್ಲೂ ಇರಲಾರದ ಹೆಸರಿನ ಒಂದು ಸಾಲನ್ನು ಇಟ್ಟಿರುತ್ತೇನೆ. ಅದು ಇನ್ನೊಬ್ಬರ ತಾಣದಲ್ಲಿ ಕಂಡರೆ ‘ಕಾಕತಾಳೀಯ’ ಎನ್ನಲು ಅವರಿಗೆ ಎಡೆಯಿರುವುದಿಲ್ಲ. ಇದರೊಂದಿಗೆ, ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್ ತಂತ್ರಾಂಶದಲ್ಲಿ ದಿನಾಂಕಸಹಿತ ಇತಿಹಾಸವಿರಲಿ, ತಾಣ ತೆರೆದ ದಿನವೇ ವೇಬ್ಯಾಕ್ ಮಷೀನ್‌ನಲ್ಲಿ ಪುಟಗಳನ್ನು ಉಳಿಸಿರಿ.

ಕಾನೂನಿನ ಮಿತಿಯನ್ನೂ ತಿಳಿದಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆ ರಕ್ಷಿಸುವುದು ನೀವು ಬರೆದ ಕೋಡ್, ಪಠ್ಯ, ಚಿತ್ರ, ರೇಖಾಚಿತ್ರಗಳನ್ನು. ಎಡಕ್ಕೆ ಮೆನು, ಬಲಕ್ಕೆ ಚಿತ್ರ ಎಂಬ ಕಲ್ಪನೆಯ ಮೇಲೆ ಯಾರಿಗೂ ಹಕ್ಕಿಲ್ಲ, ಇರಲೂಬಾರದು. ನೋಂದಣಿ ಕಡ್ಡಾಯವಲ್ಲವಾದರೂ ಸಾಕ್ಷ್ಯವಾಗಿ ಉಪಯೋಗಕ್ಕೆ ಬರುತ್ತದೆ. ಇಲ್ಲಿ ಗ್ರಾಹಕರು ಗಮನಿಸಬೇಕಾದ ಸೂಕ್ಷ್ಮವೊಂದಿದೆ: ಸ್ವತಂತ್ರವಾಗಿ ದುಡಿಯುವ ವಿನ್ಯಾಸಕಾರರಿಗೆ ಹಣ ಕೊಟ್ಟ ಮಾತ್ರಕ್ಕೆ ಕೋಡಿನ ಹಕ್ಕು ನಿಮ್ಮದಾಗುವುದಿಲ್ಲ, ಬರಹದಲ್ಲಿ ವರ್ಗಾವಣೆಯಾಗಬೇಕು. ಆ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕು ಐದು ವರ್ಷಕ್ಕಷ್ಟೇ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕಷ್ಟೇ ಸೀಮಿತ. ನಾನೇ ವಿನ್ಯಾಸಕಾರನಾಗಿದ್ದರೂ ಈ ಎರಡನ್ನೂ ಬರೆಸಿಕೊಳ್ಳಿ ಎಂದು ಗ್ರಾಹಕರಿಗೆ ಹೇಳುತ್ತೇನೆ.

ನಕಲು ಕಂಡಾಗ ಮೊದಲು ಎರಡೂ ತಾಣಗಳ ಚಿತ್ರವನ್ನು ದಿನಾಂಕದೊಂದಿಗೆ ತೆಗೆದಿಟ್ಟು, ಆಮೇಲೆ ಪತ್ರ ಬರೆಯಬೇಕು. ಅದಕ್ಕೆ ಮಣಿಯದಿದ್ದರೆ ಹೋಸ್ಟಿಂಗ್ ಸಂಸ್ಥೆಗೆ ನೋಟಿಸ್ ಕೊಡಬೇಕು. ಅಮೆರಿಕದ ಹೋಸ್ಟ್ ಆದರೆ ಅಲ್ಲಿನ ಡಿಜಿಟಲ್ ಕೃತಿಸ್ವಾಮ್ಯದ ಕಾನೂನಾದ 1998ರ ಡಿಎಂಸಿಎ ಕಾಯ್ದೆಯಡಿ ನೋಟಿಸ್ ಸಾಕಾಗುತ್ತದೆ, ಗೂಗಲ್ ಹುಡುಕಾಟದಿಂದ ತೆಗೆಸಲೂ ಅದೇ ದಾರಿ. ಅಲ್ಲಿಗೂ ಬಗೆಹರಿಯದಿದ್ದರೆ ದಾವೆ ಹೂಡಲು ಕಳ್ಳನ ಊರಿಗೇ ಹೋಗಬೇಕೆಂದು ಹಲವರು ಕೈಬಿಡುತ್ತಾರೆ. ಆದರೆ ಕೃತಿಸ್ವಾಮ್ಯ ಕಾಯ್ದೆಯ 62ನೇ ಕಲಮು ಹಕ್ಕುದಾರನು ವಾಸಿಸುವ ಅಥವಾ ವ್ಯವಹಾರ ನಡೆಸುವ ಸ್ಥಳದ ಜಿಲ್ಲಾ ನ್ಯಾಯಾಲಯಕ್ಕೂ ಅಂತಹ ದಾವೆ ವಿಚಾರಿಸುವ ಅಧಿಕಾರ ಕೊಟ್ಟಿದೆ. ಶಿವಮೊಗ್ಗದಲ್ಲಿ ಕುಳಿತು ಮಾಡಿದ ವಿನ್ಯಾಸವನ್ನು ದೆಹಲಿಯವರು ಕದ್ದರೆ, ಶಿವಮೊಗ್ಗದ ನ್ಯಾಯಾಲಯದಲ್ಲೇ ದಾವೆ ಹೂಡಬಹುದು.