ಲೀಟರಿಗೆ ಆರು ಗ್ರಾಂ ಸಕ್ಕರಿ

ಧಾರವಾಡದಾಗ ಮಳಿ ಹಿಡದೈತಿ. ಮನ್ಯಾಗ ಮಾಡಿದ ಶುಂಠಿ ಬಿಯರ್ ಇವತ್ತ ಬಾಟಲಿಗೆ ಇಳೀತೈತಿ. ಹಾನಗಲ್ ಕಡಿ ಶುಂಠಿ, ಖಾರ ಗಂಟಲಿಗೇ ಹೋಗಿ ಕೂಡತೈತಿ.

ಹುದುಗೋದು ಪೂರಾ ನಿಂತ ಮ್ಯಾಲೇ ಬಾಟಲಿಗೆ ತುಂಬಬೇಕು, ಅವಸರ ಮಾಡಿದ್ರ ಬಾಟಲಿ ಒಡದು ಕೈಗೆ ಬಡದೀತು. ಬಾಟಲಿ ಒಳಗ ಗ್ಯಾಸ್ ಹುಟ್ಟಾಕ ಲೀಟರಿಗೆ 6 ಗ್ರಾಂ ಸಕ್ಕರಿ ಸಾಕು. ನೀರಾಗ ಕುದಿಸಿ, ಆರಿಸಿ, ಇಡೀ ಪಾತ್ರಿಗೆ ಹಾಕಿ ಹಗೂರಕ ತಿರುವಬೇಕು. ಬಾಟಲಿಗೊಂದು ಚಮಚ ಅಂತ ಹಾಕಿದ್ರ ಎಲ್ಲಾದಕ್ಕೂ ಒಂದೇ ಸಮ ಬೀಳೂದಿಲ್ಲ.

ಬಿಯರಿನ್ಯಾಗ ಉಳದ ಯೀಸ್ಟ್, ಅಂದ್ರ ಹುದುಗಸೋ ಸಣ್ಣ ಜೀವಿ, ಆ ಸಕ್ಕರಿ ತಿಂದು, ಒಂದು ಗ್ರಾಂಗೆ ಸುಮಾರು ಅರ್ಧ ಗ್ರಾಂ ಇಂಗಾಲದ ಡೈಆಕ್ಸೈಡ್ ಬಿಡತೈತಿ. ಮುಚ್ಚಳ ಬಿಗಿ ಇರತೈತಿ, ಹೊರಗ ದಾರಿ ಇಲ್ಲ, ಒಳಗೇ ಕರಗತೈತಿ. ಅಂಗಡಿ ಸೋಡಾಕ್ಕ ಗ್ಯಾಸ್ ಹೊರಗಿಂದ ಒತ್ತಿ ತುಂಬತಾರ. ಇಲ್ಲಿ ಜೀವ ಇರೋದೇ ಅದನ್ನ ಹುಟ್ಟಸತೈತಿ. ಇದಕ್ಕೇ ನನಗ ಈ ಕೆಲಸದ ಮ್ಯಾಲೆ ಇಷ್ಟು ಪ್ರೀತಿ. ಎರಡು ವಾರ ತಡದು, ತಣ್ಣಗ ಮಾಡಿ ತೆಗೀರಿ.