ಹಳೆಯದು ಮಾಡುವುದು ನಮಗೆ ಹೊಸದಲ್ಲ
ಬಳ್ಳಾರಿ, 22 ಜೂನ್ 2025, ಭಾನುವಾರ

ಇವತ್ತು ನಮ್ಮ ಜೀನ್ಸ್ ವಾಷಿಂಗ್ ಯೂನಿಟ್‌ಗೆ ರಜೆ. ಉಗುರಿನ ನೀಲಿಗೆ ಮಾತ್ರ ರಜೆ ಇಲ್ಲ. ಒಗ್ಗರಣಿ, ಮಿರ್ಚಿ ತಿನ್ನುತ್ತಿದ್ದೆ. ಅಕ್ಕನ ಮಗ ಮೊಬೈಲ್ ಹಿಡಿದುಕೊಂಡು ಬಂದ. "ಮಾಮಾ, ಇದು ನೋಡು. ಮ್ಯಾಚ್‌ನಲ್ಲಿ ಹಾಕ್ಕೊಂಡಿದ್ದ ಜೆರ್ಸಿಯಂತೆ. 18 ಸಾವಿರ."

ಆಟಗಾರನ ಹೆಸರು ಇಲ್ಲಿ ಬೇಡ. ಕಾಲರ್ ಸವೆದಿತ್ತು, ಕಂಕುಳಲ್ಲಿ ಬೆವರಿನ ಕಲೆ, ಪಕ್ಕದಲ್ಲಿ ಮಣ್ಣು. ಜೊತೆಗೊಂದು ಸರ್ಟಿಫಿಕೇಟ್. ಸಹಿ ಯಾರದ್ದು? ಮಾರುವವನದ್ದೇ!

ನನಗೆ ನಗು ತಡೆಯಲಿಲ್ಲ. ಹೊಸದನ್ನು ಹಳೆಯದು ಮಾಡುವುದೇ ನಮ್ಮ ಕಸುಬು ಅಲ್ವಾ? ಹೊಸ ಜೀನ್ಸ್‌ನ ತೊಡೆಗೆ ಉಪ್ಪುಕಾಗದ ಉಜ್ಜುತ್ತೇವೆ. ಆಮೇಲೆ ಪ್ಯೂಮಿಸ್ ಕಲ್ಲು ಹಾಕಿ ಮೆಷಿನ್‌ನಲ್ಲಿ ತಿರುಗಿಸುತ್ತೇವೆ. ಹೊರಗೆ ಬಂದ ಪ್ಯಾಂಟು ಎರಡು ವರ್ಷ ಯಾರೋ ಹಾಕಿಕೊಂಡಿದ್ದಂತೆ ಕಾಣುತ್ತದೆ. ಕಲೆ, ಸವೆತ ಎರಡನ್ನೂ ನಂಬಬೇಡ ಎಂದೆ.

"ಮತ್ತೆ ಏನು ನಂಬೋದು?"

ಅರ್ಜೆಂಟೀನಾದ ಫುಟ್‌ಬಾಲ್ ಆಟಗಾರ ಮರಡೋನಾ ಶರ್ಟಿನ ಕಥೆ ಹೇಳಿದೆ. 1986ರ ಇದೇ ಜೂನ್ 22. ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ವಿರುದ್ಧದ ಮ್ಯಾಚ್‌ಗೆ, ತಮ್ಮ ನೀಲಿ ಶರ್ಟು ಬಿಸಿಲಿಗೆ ಭಾರ ಎಂದು ಅರ್ಜೆಂಟೀನಾದವರು ಮೆಕ್ಸಿಕೋ ನಗರದ ಅಂಗಡಿಯಿಂದಲೇ ಬೇರೆ ಶರ್ಟು ತಂದರು. ಅವಸರದಲ್ಲಿ ಲಾಂಛನ ಹೊಲಿದರು, ನಂಬರ್‌ಗಳನ್ನು ಇಸ್ತ್ರಿಯಿಂದ ಅಂಟಿಸಿದರು. ಅವಸರದ ಕೆಲಸ ಎಂದರೆ ನನಗೆ ಗೊತ್ತು: ಒಂದು ಪೀಸ್‌ನಂತೆ ಇನ್ನೊಂದು ಇರುವುದಿಲ್ಲ.

ಮ್ಯಾಚ್ ಮುಗಿದ ಮೇಲೆ ಸ್ಟೀವ್ ಹಾಜ್ ಎಂಬ ಇಂಗ್ಲೆಂಡ್ ಆಟಗಾರ ತನ್ನ ಶರ್ಟು ಕೊಟ್ಟು ಮರಡೋನಾ ಶರ್ಟು ತಗೊಂಡ. 2022ರಲ್ಲಿ ಅದು ಹರಾಜಿಗೆ ಬಂದಾಗ ಮರಡೋನಾ ಮಗಳು ದಾಲ್ಮಾ ತಕರಾರು ತೆಗೆದರು. ಇದು ಮೊದಲ ಅರ್ಧದ ಶರ್ಟು, ಗೋಲು ಹೊಡೆದಾಗ ಹಾಕಿದ್ದು ಇದಲ್ಲ ಎಂದು. ಮರಡೋನಾ ಅವತ್ತು ಹೊಡೆದ ಎರಡೂ ಗೋಲು ಬಂದಿದ್ದು ಎರಡನೇ ಅರ್ಧದಲ್ಲಿ. ಅಂದರೆ ಇಡೀ ಬೆಲೆ ನಿಂತಿದ್ದೇ ಆ ಒಂದು ಮಾತಿನ ಮೇಲೆ. ಹರಾಜು ಮಾಡಿದ ಸೋದಬೀಸ್‌ನವರು ಲಾಂಛನ, ಪಟ್ಟೆ, ನಂಬರ್ ಎಲ್ಲಿ ಹೇಗೆ ಕೂತಿವೆ ಎಂದು ಆ ದಿನದ ಫೋಟೊಗಳ ಜೊತೆ ತಾಳೆ ನೋಡಿಸಿದರು. ಗೋಲುಗಳ ಹೊತ್ತಿನ ಶರ್ಟೇ ಇದು ಎಂದರು. 71 ಲಕ್ಷ ಪೌಂಡ್‌ಗೂ ಜಾಸ್ತಿಗೆ ಹೋಯಿತು. ನಾನಾದರೂ ಮನೆಯವರ ನೆನಪಿಗಿಂತ ಹೊಲಿಗೆಯನ್ನೇ ನಂಬುತ್ತೇನೆ. ಕಸುಬಿನ ಚಾಳಿ ಇರಬಹುದು.

ಹುಡುಗ ಮಾರುವವನಿಗೆ ಮೆಸೇಜ್ ಹಾಕಿದ: ನಂಬರ್ ಸರಿಯಾಗಿ ಕಾಣುವಂತೆ ಹತ್ತಿರದಿಂದ ತೆಗೆದ ಫೋಟೊ ಕಳಿಸಿ, ಯಾವ ಮ್ಯಾಚ್ ಹೇಳಿ.

ರಾತ್ರಿ ಉತ್ತರ ಬಂತು. ಫೋಟೊ ಇಲ್ಲ. "ಇವತ್ತೇ ತಗೊಂಡರೆ 2 ಸಾವಿರ ಕಡಿಮೆ."